ಚರಂಡಿಯ ಯಂತ್ರ, ಅದನ್ನು ಹಿಡಿದ ಕೈ

ಹೋದ ವರ್ಷ ಮಳೆಗಾಲದಲ್ಲಿ ನಾನಿದ್ದ ಹಾಸ್ಟೆಲ್ಲಿನ ನೆಲಮಹಡಿಯ ಬಚ್ಚಲುಗಳಲ್ಲಿ ನೀರು ಕಟ್ಟಿಕೊಂಡಿತು. ಎರಡು ದಿನ ಅಂಗಡಿಯಿಂದ ತಂದ ಪುಡಿ ಸುರಿದು, ಬಿಸಿನೀರು ಹೊಯ್ದು ನೋಡಿದರು. ಮೂರನೆಯ ದಿನ ಪ್ಲಂಬರ್ ಬಂದರು. ಐವತ್ತರ ಆಸುಪಾಸಿನವರು. ಜೊತೆಗೆ ಅವರ ಅಕ್ಕನ ಮಗ, ಹದಿನೆಂಟು ತುಂಬಿದ್ದರೆ ಹೆಚ್ಚು. ಇಬ್ಬರೂ ಸೇರಿ ಆಟೋದಿಂದ ಒಂದು ಯಂತ್ರ ಇಳಿಸಿದರು. ದೊಡ್ಡ ಡಬರಿಯಂಥ ಡ್ರಮ್ಮು, ಅದರ ಬೆನ್ನಿಗೆ ಮೋಟಾರು, ಡ್ರಮ್ಮಿನೊಳಗೆ ಸುರುಳಿ ಸುತ್ತಿಕೊಂಡ ಉಕ್ಕಿನ ಸ್ಪ್ರಿಂಗ್ ಕೇಬಲ್. ಕೇಬಲ್ಲಿನ ತುದಿಯನ್ನು ಮೋರಿಯ ಬಾಯಿಗೆ ತೂರಿಸಿ ಮೋಟಾರು ಚಾಲೂ ಮಾಡಿದರೆ ಅದು ತಿರುಗುತ್ತಾ ಪೈಪಿನೊಳಗೆ ಇಳಿಯುತ್ತದೆ. ಕಟ್ಟಿಕೊಂಡ ಕೂದಲು, ಕೊಬ್ಬು, ಬೇರು ಏನಿದ್ದರೂ ಕೊರೆದು ದಾರಿ ಮಾಡುತ್ತದೆ.

ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಅವರು ಹೆಣೆದ ಹತ್ತಿಯ ಗ್ಲೌಸ್ ಹಾಕಿಕೊಂಡು ಕೇಬಲ್ಲನ್ನು ಎರಡೂ ಕೈಯಲ್ಲಿ ಹಿಡಿದು ಒಳಕ್ಕೆ ತಳ್ಳುತ್ತಿದ್ದರು. ಹತ್ತು ಅಡಿ ಹೋಗಿರಬಹುದು, ಕೇಬಲ್ ಎಲ್ಲೋ ಸಿಕ್ಕಿಕೊಂಡಿತು. ಮೋಟಾರು ನಿಲ್ಲಲಿಲ್ಲ. ಡ್ರಮ್ಮಿಗೂ ಮೋರಿಗೂ ನಡುವೆ ನೆಲದ ಮೇಲಿದ್ದ ಕೇಬಲ್ ಹಾವಿನಂತೆ ಎದ್ದು ಸುತ್ತಿಕೊಂಡಿತು. ಗ್ಲೌಸಿನ ಬಟ್ಟೆ ಅದರ ಸುರುಳಿಗೆ ಸಿಕ್ಕಿತು, ಗ್ಲೌಸಿನ ಜೊತೆ ಕೈಯೂ ಹೋಯಿತು. ಹುಡುಗ ಓಡಿಹೋಗಿ ವೈರು ಎಳೆದ. ಅಷ್ಟರಲ್ಲಿ ಎರಡು ಬೆರಳುಗಳ ಮೂಳೆ ಮುರಿದಿತ್ತು. ಕಚೇರಿಯಲ್ಲಿ ಕೇಳಿದಾಗ, ಅವರು ಕಂಟ್ರಾಕ್ಟರ್ ಕಡೆಯವರು, ಕಂಟ್ರಾಕ್ಟರೇ ನೋಡಿಕೊಳ್ಳುತ್ತಾನೆ ಎಂಬ ಉತ್ತರ ಬಂತು. ಸಂಜೆಗೆ ಬೇರೆ ಇಬ್ಬರು ಬಂದು ಅದೇ ಯಂತ್ರದಲ್ಲಿ ಕೆಲಸ ಮುಗಿಸಿದರು. ಬಚ್ಚಲಿನ ನೀರು ಇಳಿದುಹೋಯಿತು.

ನಾನು ಸಂಶೋಧನೆ ಮಾಡುತ್ತಿರುವುದು ನಗರದ ನೀರಿನ ಚರಿತ್ರೆಯ ಬಗ್ಗೆ. ಬೆಂಗಳೂರಿಗೆ 1896ರಲ್ಲಿ ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ಬಂದದ್ದು, ಕೆರೆ ಬಾವಿಗಳು ಹಿಂದೆ ಸರಿದದ್ದು, ನಲ್ಲಿ ಮನೆಯೊಳಗೆ ಬಂದದ್ದು, ಇವುಗಳ ಬಗ್ಗೆ ಕಡತಗಳಿವೆ, ಪುಸ್ತಕಗಳಿವೆ, ಶಿಲಾಫಲಕಗಳೂ ಇವೆ. ಮನೆಗೆ ಬಂದ ನೀರು ಕೊಳಕಾಗಿ ಹೊರಹೋಗುವ ದಾರಿಯ ಬಗ್ಗೆ, ಆ ದಾರಿಯನ್ನು ತೆರೆದಿಟ್ಟವರ ಬಗ್ಗೆ ಸಿಗುವುದು ಕಡಿಮೆ. ಆ ದಿನ ಬಚ್ಚಲಲ್ಲಿ ಕಂಡ ಯಂತ್ರ ಎಲ್ಲಿಂದ ಬಂತು, ಅದರ ಅಪಾಯಗಳನ್ನು ಯಾರು ಯಾವಾಗ ಗುರುತಿಸಿದರು, ಗುರುತಿಸಿದ ಮೇಲೂ ಅವು ನಮ್ಮ ಹಾಸ್ಟೆಲ್ಲಿನ ತನಕ ಹೇಗೆ ಉಳಿದುಕೊಂಡು ಬಂದವು ಎಂದು ಹುಡುಕುತ್ತಾ ಹೋದೆ. ಈ ಬರಹ ಆ ಹುಡುಕಾಟದ ಫಲ.

ದಬ್ಬೆಯಿಂದ ಮೋಟಾರಿಗೆ

ಯಂತ್ರ ಬರುವ ಮೊದಲು ಇದ್ದದ್ದು ಕೋಲು. ನಮ್ಮಲ್ಲಿ ಸೀಳಿದ ಬಿದಿರಿನ ದಬ್ಬೆಗಳನ್ನು ಒಂದಕ್ಕೊಂದು ಕಟ್ಟಿ ಮ್ಯಾನ್‌ಹೋಲಿನಿಂದ ಮ್ಯಾನ್‌ಹೋಲಿಗೆ ತೂರಿಸುತ್ತಿದ್ದರು. ಇಂದಿಗೂ ಸಣ್ಣ ಊರುಗಳಲ್ಲಿ ಇದನ್ನು ನೋಡಬಹುದು. ಕೋಲಿನ ಕೆಲಸ ನಿಧಾನ, ಮೈ ನೋಯಿಸುವಂಥದ್ದು. ಆದರೆ ಕೋಲಿಗೆ ಒಂದು ಗುಣವಿತ್ತು: ಹಿಡಿದವರ ಬಲಕ್ಕಿಂತ ಹೆಚ್ಚಿನ ಬಲ ಅದರಲ್ಲಿ ಇರಲಿಲ್ಲ. ಕೈ ನಿಂತರೆ ಕೋಲೂ ನಿಲ್ಲುತ್ತಿತ್ತು.

ಹಳೆಯ ಒಳಚರಂಡಿಗಳು ಹೆಚ್ಚಾಗಿ ಸುಟ್ಟ ಮಣ್ಣಿನ ಕೊಳವೆಗಳು. ಗಿಡ್ಡ ಗಿಡ್ಡ ತುಂಡುಗಳನ್ನು ಜೋಡಿಸಿ ಸಂದಿಗೆ ಗಾರೆ ತುಂಬಿ ಹೂಳುತ್ತಿದ್ದರು. ವರ್ಷ ಕಳೆದಂತೆ ಸಂದಿ ಬಿರುಕು ಬಿಡುತ್ತದೆ. ಹತ್ತಿರದ ಮರದ ಬೇರಿಗೆ ಅಲ್ಲಿನ ತೇವ ಸಿಗುತ್ತದೆ. ಕೂದಲೆಳೆಯಷ್ಟು ಸಣ್ಣ ಬೇರು ಒಳಗೆ ಇಳಿದು, ಗೊಬ್ಬರದ ನೀರು ಕುಡಿದು, ಪೊರಕೆಯಂತೆ ಹರಡಿಕೊಂಡು ಕೊಳವೆಯನ್ನೇ ಮುಚ್ಚಿಬಿಡುತ್ತದೆ. ಬೇರಿನ ಮುಂದೆ ಕೋಲಿನ ಆಟ ನಡೆಯುವುದಿಲ್ಲ. ಆಗ ಉಳಿಯುತ್ತಿದ್ದ ದಾರಿ ಅಂಗಳ ಅಗೆದು ಕೊಳವೆಯನ್ನು ಹೊರತೆಗೆಯುವುದು.

ಈ ಸಮಸ್ಯೆಗೆ ಉತ್ತರವಾಗಿ ಬಂದ ಯಂತ್ರದ ಊರು ಅಮೆರಿಕದ ಅಯೋವಾ ರಾಜ್ಯದ ರಾಜಧಾನಿ ಡಿ ಮೊಯಿನ್. ಅಲ್ಲಿನ ಸ್ಯಾಮ್ಯುಯೆಲ್ ಬ್ಲಾಂಕ್ ಎಂಬವರು ಮಗ ಮಿಲ್ಟನ್‌ನ ಮನೆಯ ಕಟ್ಟಿಕೊಂಡ ಚರಂಡಿಯೊಡನೆ ಗುದ್ದಾಡಿ ಸಾಕಾಗಿ, 1933ರಲ್ಲಿ ಒಂದು ಯಂತ್ರ ಕಟ್ಟಿದರು ಎಂಬುದು ಆಮೇಲೆ ಹುಟ್ಟಿದ ಕಂಪನಿ ಹೇಳಿಕೊಂಡು ಬಂದಿರುವ ಕಥೆ. ಬಟ್ಟೆ ಒಗೆಯುವ ಯಂತ್ರದಿಂದ ಕಳಚಿದ ಮೋಟಾರು, ಮಕ್ಕಳ ರೋಲರ್ ಸ್ಕೇಟಿನ ಚಕ್ರಗಳು, ಬೆರಳಿಗಿಂತ ತೆಳ್ಳಗಿನ ಉಕ್ಕಿನ ಕೇಬಲ್, ಅದರ ತುದಿಗೆ ಬೇರು ಕತ್ತರಿಸುವ ಬ್ಲೇಡು. ತಿರುಗುತ್ತಾ ಬೇರು ಕೀಳುವ ಈ ಸಾಧನಕ್ಕೆ 'ರೋಟೋ-ರೂಟರ್' ಎಂದು ಹೆಸರಿಟ್ಟವರು ಬ್ಲಾಂಕ್ ಅವರ ಹೆಂಡತಿ ಲೆಟ್ಟಿ.

1933 ಅಮೆರಿಕದ ಮಹಾ ಆರ್ಥಿಕ ಕುಸಿತದ ಅತಿ ಕೆಟ್ಟ ವರ್ಷಗಳಲ್ಲಿ ಒಂದು. ದುಡಿಯಬಲ್ಲ ನಾಲ್ವರಲ್ಲಿ ಒಬ್ಬರಿಗೆ ಕೆಲಸವಿರಲಿಲ್ಲ. ಬ್ಲಾಂಕ್ ಯಂತ್ರವನ್ನು 250 ಡಾಲರಿಗೆ ಮಾರಿದರು. ಕೊಂಡವರು ಅದನ್ನು ಊರೂರಿಗೆ ಒಯ್ದು ಸ್ವಂತ ದಂಧೆ ಶುರು ಮಾಡಿದರು. ಈ ಯಂತ್ರದ ಮುಂದಿನ ಕಥೆಗೆ ಇದು ಮುಖ್ಯ. ಅದು ಕಾರ್ಖಾನೆಯೊಳಗೆ ಹುಟ್ಟಿ ಅಲ್ಲೇ ಉಳಿದ ಯಂತ್ರವಲ್ಲ. ಒಬ್ಬಂಟಿ ಮನುಷ್ಯ ಹೊತ್ತುಕೊಂಡು ಇನ್ನೊಬ್ಬರ ಬಚ್ಚಲಿಗೆ, ನೆಲಮಾಳಿಗೆಗೆ, ಹಿತ್ತಲಿಗೆ ಹೋಗುವ ಯಂತ್ರ. ಅಲ್ಲಿ ಮೇಸ್ತ್ರಿ ಇಲ್ಲ, ಇನ್‌ಸ್ಪೆಕ್ಟರ್ ಇಲ್ಲ, ಯಂತ್ರದ ಸುತ್ತ ಕಟ್ಟುವ ಕಟಾಂಜನವೂ ಇಲ್ಲ.

ಕಾರ್ಖಾನೆಗಳ ಮಟ್ಟಿಗೆ ತಿರುಗುವ ಯಂತ್ರದ ಅಪಾಯ ಆ ಹೊತ್ತಿಗೆ ಹಳೆಯ ಸಂಗತಿ. ಬೆಲ್ಟು, ಗಿಯರುಗಳಿಗೆ ಮರೆ ಕಟ್ಟಬೇಕು ಎಂಬ ನಿಯಮಗಳಿದ್ದವು. ನಮ್ಮ 1948ರ ಕಾರ್ಖಾನೆ ಕಾಯ್ದೆಯ 22ನೆಯ ಕಲಮು ಚಲಿಸುತ್ತಿರುವ ಯಂತ್ರದ ಹತ್ತಿರ ಹೋಗುವವರು ವಿಶೇಷ ತರಬೇತಿ ಪಡೆದಿರಬೇಕು, ಮೈಗೆ ಅಂಟಿದ ಬಿಗಿ ಉಡುಪು ತೊಟ್ಟಿರಬೇಕು, ಆ ಉಡುಪನ್ನು ಮಾಲೀಕರೇ ಕೊಡಬೇಕು ಎಂದು ಹೇಳಿತ್ತು. ಅದನ್ನು ಬರೆದವರಿಗೆ ಸಡಿಲ ಬಟ್ಟೆ ಮತ್ತು ತಿರುಗುವ ಕಬ್ಬಿಣದ ಸಂಬಂಧ ಚೆನ್ನಾಗಿ ಗೊತ್ತಿತ್ತು. ಆದರೆ ಆ ತಿಳಿವಳಿಕೆ ಕಾರ್ಖಾನೆಯ ಗೇಟಿನಲ್ಲೇ ನಿಂತಿತು, ಬಚ್ಚಲು ಕಾರ್ಖಾನೆಯಲ್ಲವಲ್ಲ. ಅಮೆರಿಕದಲ್ಲಿ 1970ರಲ್ಲಿ ದುಡಿಮೆಯ ಜಾಗದ ಸುರಕ್ಷತೆಗೆಂದೇ ದೊಡ್ಡ ಕಾಯ್ದೆ ಬಂದಾಗಲೂ ಸ್ವಂತಕ್ಕೆ ದುಡಿಯುವವರು ಅದರ ವ್ಯಾಪ್ತಿಗೆ ಬರಲಿಲ್ಲ.

ಹುರಿ

ಈ ಯಂತ್ರದ ಮೊದಲ ಅಪಾಯ ಅದರ ಕೆಲಸದ ರೀತಿಯಲ್ಲೇ ಇದೆ. ಒದ್ದೆ ಸೀರೆಯನ್ನು ಇಬ್ಬರು ಹಿಡಿದು ಹಿಂಡುವುದನ್ನು ನೆನೆಯಿರಿ. ಒಂದು ತುದಿ ಅಲುಗದೆ ನಿಂತು ಇನ್ನೊಂದು ತಿರುಗುತ್ತಾ ಹೋದರೆ ಸೀರೆಯಲ್ಲಿ ಹುರಿ ಏರುತ್ತದೆ, ಒಂದು ಹಂತ ದಾಟಿದ ಮೇಲೆ ನಡುವೆ ತಟ್ಟನೆ ಮಡಚಿ ಗಂಟು ಬೀಳುತ್ತದೆ. ಕೇಬಲ್ಲಿನ ಮೂತಿ ಬೇರಿಗೆ ಕಚ್ಚಿಕೊಂಡು ನಿಂತಾಗ ಆಗುವುದೂ ಇದೇ. ಮೋಟಾರು ತಿರುಗಿಸುತ್ತಲೇ ಇರುತ್ತದೆ, ತಿರುಗಲಾರದ ಕೇಬಲ್ ಹುರಿಯನ್ನು ತನ್ನೊಳಗೆ ತುಂಬಿಕೊಳ್ಳುತ್ತದೆ. ಪೈಪಿನೊಳಗಿನ ಭಾಗಕ್ಕೆ ಪೈಪಿನ ಗೋಡೆಯ ಆಸರೆ ಇದೆ. ಹೊರಗಿರುವ ಭಾಗಕ್ಕೆ ಯಾವ ಆಸರೆಯೂ ಇಲ್ಲ. ಅದು ಎದ್ದು ಕುಣಿಕೆಯಾಗುತ್ತದೆ. ಆ ಕುಣಿಕೆಯೊಳಗೆ ಇರುವುದು ಕೈ.

ಯಂತ್ರ ನಿಮಿಷಕ್ಕೆ 200 ಸುತ್ತು ತಿರುಗುತ್ತದೆ ಎಂದುಕೊಳ್ಳೋಣ. ಸೆಕೆಂಡಿಗೆ ಮೂರು ಸುತ್ತಿಗಿಂತ ಹೆಚ್ಚು. ಏನೋ ತಪ್ಪಾಯಿತು ಎಂದು ಮನಸ್ಸಿಗೆ ಹೊಳೆದು ಕಾಲು ಪೆಡಲಿನಿಂದ ಮೇಲೇಳಲು ಅರ್ಧ ಸೆಕೆಂಡು ಹಿಡಿದರೂ ಕೇಬಲ್ ಒಂದೂವರೆ ಸುತ್ತು ಮುಗಿಸಿರುತ್ತದೆ. ಬಟ್ಟೆಯ ಗ್ಲೌಸ್ ಸುತ್ತಿಕೊಂಡು ಬೆರಳು ತಿರುಚಲು ಅಷ್ಟು ಸಾಕು. ಪೆಡಲ್ ಇಲ್ಲದೆ ಡ್ರಮ್ಮಿನ ಮೇಲಿನ ಸ್ವಿಚ್ಚಿಗೆ ಕೈ ಚಾಚಬೇಕಾದರೆ, ಅಥವಾ ನಮ್ಮ ಹಾಸ್ಟೆಲ್ಲಿನಲ್ಲಿ ಆದಂತೆ ಹುಡುಗ ಓಡಿಹೋಗಿ ವೈರು ಎಳೆಯಬೇಕಾದರೆ, ಎಷ್ಟು ಸುತ್ತು ಆಗಿರುತ್ತದೆ ಎಂದು ನೀವೇ ಲೆಕ್ಕ ಹಾಕಿ.

ಇದಕ್ಕೆ ತಯಾರಕರು ಕಂಡುಕೊಂಡ ಉಪಾಯಗಳು ಸರಳ. ಯಂತ್ರವನ್ನು ಮೋರಿಯ ಬಾಯಿಂದ ಎರಡು-ಮೂರು ಅಡಿಗಿಂತ ದೂರ ಇಡಬಾರದು, ಹೊರಗಿರುವ ಕೇಬಲ್ ಗಿಡ್ಡವಾಗಿದ್ದಷ್ಟೂ ಕುಣಿಕೆಯಾಗಲು ಜಾಗ ಕಡಿಮೆ. ಕಾಲು ಎತ್ತಿದ ಕೂಡಲೇ ನಿಲ್ಲುವ ಪೆಡಲ್ ಇರಬೇಕು. ಪೆಡಲ್ ತುಳಿಯುವವರೂ ಕೇಬಲ್ ಹಿಡಿಯುವವರೂ ಒಬ್ಬರೇ ಆಗಿರಬೇಕು, ಏಕೆಂದರೆ ಕೇಬಲ್ ಬಿಗಿಯಾದದ್ದು ಗೊತ್ತಾಗುವುದು ಅದನ್ನು ಹಿಡಿದವರಿಗೆ ಮಾತ್ರ. ದಪ್ಪ ಚರ್ಮದ ಗ್ಲೌಸ್ ಹಾಕಬೇಕು, ಬಟ್ಟೆಯದೂ ರಬ್ಬರಿನದೂ ಸಲ್ಲದು. ತೋಳಿನ ಗುಂಡಿ ಹಾಕಿರಬೇಕು, ಉಂಗುರ ದಾರ ಕಳಚಿರಬೇಕು. ಹಿಂದಕ್ಕೆ ತಿರುಗಿಸುವ ಸ್ವಿಚ್ಚನ್ನು ಸಿಕ್ಕಿಕೊಂಡ ತುದಿ ಬಿಡಿಸಲು ಮಾತ್ರ ಬಳಸಬೇಕು.

ಈ ಪಟ್ಟಿಯಲ್ಲಿ ಒಂದು ವಿಚಿತ್ರವಿದೆ. ಮರಗೆಲಸದ ಯಂತ್ರಕ್ಕೋ ಹಿಟ್ಟಿನ ಗಿರಣಿಗೋ ಸುರಕ್ಷತೆ ಎಂದರೆ ಕೈಯನ್ನು ದೂರ ಇಡುವುದು. ಇಲ್ಲಿ ಕೈಯನ್ನು ಕೇಬಲ್ಲಿನ ಮೇಲೇ ಇಡಬೇಕು. ಪೈಪಿನೊಳಗೆ ಏನಾಗುತ್ತಿದೆ ಎಂಬುದು ಕಣ್ಣಿಗೆ ಕಾಣದು, ಕೇಬಲ್ಲಿನ ನಡುಕದಿಂದ ಕೈಗೆ ತಿಳಿಯಬೇಕು. ಈಗ ಕೇಬಲ್ಲನ್ನು ತಾನೇ ಮುಂದಕ್ಕೆ ದೂಡುವ ಯಂತ್ರಗಳಿವೆ, ಪೈಪಿನೊಳಗೆ ಇಳಿಸುವ ಕ್ಯಾಮೆರಾಗಳಿವೆ. ಆದರೆ ಅವು ಇಲ್ಲದ ಕಡೆ ಚರಂಡಿಯಲ್ಲಿ ಇಳಿಯಬೇಕಿದ್ದ ಕೈಗೆ ಬದಲಾಗಿ ಬಂದ ಯಂತ್ರಕ್ಕೆ ಇವತ್ತಿಗೂ ಬೇಕಾದ ಸಾಧನ ಕೈಯೇ.

ಬಿಡಲಾಗದ ಹಿಡಿತ

ಎರಡನೆಯ ಅಪಾಯ ಕರೆಂಟು. ಒದ್ದೆ ನೆಲದಲ್ಲಿ ನಿಂತು, ನೀರಿನೊಳಗೆ ಇಳಿದ ಉಕ್ಕಿನ ಕೇಬಲ್ಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಮೋಟಾರು ಓಡಿಸುವ ಕೆಲಸ ಇದು. ಮೋಟಾರಿನೊಳಗೆ ಒಂದು ವೈರಿನ ಹೊದಿಕೆ ಸವೆದರೆ, ಗೋಡೆ ಅಥವಾ ನೆಲದೊಳಗೆ ಹುದುಗಿದ ವೈರಿಗೆ ಕೇಬಲ್ ತಗುಲಿದರೆ, ಯಂತ್ರದ ಮೈಯೆಲ್ಲ ವಿದ್ಯುತ್ತು.

ಇದನ್ನು ಅರ್ಥಮಾಡಿಸಿದವರು ಚರಂಡಿಗೆ ಸಂಬಂಧವಿಲ್ಲದ ಒಬ್ಬ ಪ್ರಾಧ್ಯಾಪಕ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿದ್ದ ಚಾರ್ಲ್ಸ್ ಡಾಲ್ಜಿಯಲ್, ಮನುಷ್ಯನ ಮೈ ಎಷ್ಟು ವಿದ್ಯುತ್ತನ್ನು ತಾಳಬಲ್ಲದು ಎಂಬುದನ್ನು ಸ್ವಯಂಸೇವಕರ ಮೇಲೆ ಪ್ರಯೋಗ ಮಾಡಿ ಅಳೆದರು. ಅವರು ಕೇಳಿದ ಪ್ರಶ್ನೆಗಳಲ್ಲಿ ಒಂದು ನಮ್ಮ ವಿಷಯಕ್ಕೆ ನೇರವಾಗಿ ತಾಗುತ್ತದೆ: ಕೈಯಲ್ಲಿ ಹಿಡಿದ ಲೋಹದಲ್ಲಿ ಎಷ್ಟು ಕರೆಂಟು ಹರಿದರೆ ಹಿಡಿದವರು ತಾವಾಗಿಯೇ ಅದನ್ನು ಬಿಡಲಾರರು? ಗಂಡಸರಲ್ಲಿ ಸರಾಸರಿ 16 ಮಿಲಿಆಂಪಿಯರ್, ಹೆಂಗಸರಲ್ಲಿ 10.5 ಎಂದು ಕಂಡುಬಂತು. ನಮ್ಮ ಮನೆಯ ಹಳೆಯ 60 ವ್ಯಾಟಿನ ಬಲ್ಬಿನಲ್ಲಿ ಹರಿಯುತ್ತಿದ್ದುದು ಸುಮಾರು 260 ಮಿಲಿಆಂಪಿಯರ್. ಅದರ ಹದಿನಾರನೆಯ ಒಂದು ಪಾಲು ಸಾಕು, ಮುಂಗೈಯ ಸ್ನಾಯುಗಳು ಬಿಗಿದುಕೊಂಡು ಮುಷ್ಟಿ ತೆರೆಯದಂತಾಗಲು. 'ಕರೆಂಟು ಹಿಡಿದುಕೊಂಡಿತು' ಎಂದು ನಮ್ಮ ಊರಿನವರು ಹೇಳುತ್ತಾರೆ. ಹಿಡಿದುಕೊಳ್ಳುವುದು ಕೈ, ಬಿಡಲಾಗದವರೂ ನಾವೇ.

ಮನೆಯ ಫ್ಯೂಸು ಇಂಥ ಹೊತ್ತಿನಲ್ಲಿ ಉಪಯೋಗಕ್ಕೆ ಬಾರದು. ಅದು ಕರಗಲು ಹಲವು ಆಂಪಿಯರ್ ಬೇಕು, ಮನುಷ್ಯ ಸಾಯಲು ಅದರ ಸಣ್ಣ ಚೂರು ಸಾಕು. ಡಾಲ್ಜಿಯಲ್ 1961ರಲ್ಲಿ ರೂಪಿಸಿದ ಸಾಧನ ಬೇರೆ ತರ್ಕದ್ದು. ಹೋಗುವ ಕರೆಂಟು, ಹಿಂದಿರುಗುವ ಕರೆಂಟು ಎರಡನ್ನೂ ಹೋಲಿಸುತ್ತಾ ಇರುತ್ತದೆ. ಐದು ಮಿಲಿಆಂಪಿಯರ್ ಆಸುಪಾಸಿನಷ್ಟು ವ್ಯತ್ಯಾಸ ಕಂಡರೆ, ಅದು ಯಾರದೋ ಮೈಯ ಮೂಲಕ ನೆಲಕ್ಕೆ ಹೋಗುತ್ತಿರಬಹುದು ಎಂದು ತಕ್ಷಣ ಸಂಪರ್ಕ ಕಡಿಯುತ್ತದೆ. ಅಮೆರಿಕದ ವಿದ್ಯುತ್ ಸಂಹಿತೆ ಇದನ್ನು ಮೊದಲು ಕಡ್ಡಾಯ ಮಾಡಿದ್ದು 1968ರಲ್ಲಿ, ಈಜುಕೊಳದ ನೀರೊಳಗಿನ ದೀಪಗಳಿಗೆ. ಮನೆಗಳ ಬಚ್ಚಲಿಗೆ ಬಂದದ್ದು 1975ರಲ್ಲಿ. ಒದ್ದೆ ನೆಲದ ಮೇಲೆ ನಿಂತು ದುಡಿಯುವ ಪ್ಲಂಬರಿಗಿಂತ ಮೊದಲು ಈಜುವವರ ನೆನಪಾಯಿತು.

ಈ ಯಂತ್ರಗಳಿಗೆ ಇನ್ನೊಂದು ಜಾಣ ಬದಲಾವಣೆಯೂ ಬಂತು: ಗಾಳಿಯ ಪೆಡಲ್. ಕಾಲಿಟ್ಟರೆ ರಬ್ಬರಿನ ನಳಿಗೆಯೊಳಗಿನ ಗಾಳಿ ಒತ್ತಿ ದೂರದ ಸ್ವಿಚ್ಚನ್ನು ಅದುಮುತ್ತದೆ. ಒದ್ದೆ ಕಾಲಿನ ಕೆಳಗೆ ವಿದ್ಯುತ್ತೇ ಇಲ್ಲ. ನಮ್ಮಲ್ಲಿ ಇಎಲ್‌ಸಿಬಿ ಎಂದು ಕರೆಯುವ ರಕ್ಷಕ ಸ್ವಿಚ್ಚು ಹೊಸ ಕಟ್ಟಡಗಳಲ್ಲಿ ಇರುತ್ತದೆ. ಹಳೆಯ ಕಟ್ಟಡಗಳಲ್ಲಿ ನಾನು ಕಂಡಿರುವುದು ಪ್ಲಗ್ಗೇ ಇಲ್ಲದ ಎರಡು ವೈರಿನ ತುದಿಗಳನ್ನು ಸಾಕೆಟ್ಟಿಗೆ ತೂರಿಸಿ ಬೆಂಕಿಕಡ್ಡಿ ಸಿಕ್ಕಿಸುವುದು. ಅರ್ಥಿಂಗಿನ ಮೂರನೆಯ ವೈರು ಅಲ್ಲಿ ಸುಮ್ಮನೆ ನೇತಾಡುತ್ತಿರುತ್ತದೆ.

ಪೈಪಿನೊಳಗೆ ಏನಿದೆ

ಮೂರನೆಯ ಅಪಾಯ ಯಂತ್ರದಲ್ಲಿ ಇಲ್ಲ, ಪೈಪಿನಲ್ಲಿದೆ. ನಮ್ಮ ಹಾಸ್ಟೆಲ್ಲಿನಲ್ಲಿ ಮಾಡಿದಂತೆ ಮೊದಲು ಪುಡಿ ಸುರಿದು ನೋಡುವ ರೂಢಿ ಎಲ್ಲ ಕಡೆಯೂ ಇದೆ. ಅಮೆರಿಕದಲ್ಲಿ ಇಂಥ ಪುಡಿ 'ಡ್ರೇನೋ' ಎಂಬ ಹೆಸರಿನಲ್ಲಿ 1923ರಲ್ಲೇ ಮಾರುಕಟ್ಟೆಗೆ ಬಂದಿತ್ತು. ಅದರ ಮುಖ್ಯ ದ್ರವ್ಯ ಕಾಸ್ಟಿಕ್ ಸೋಡ. ಕೊಬ್ಬನ್ನು ಕರಗಿಸುವ ಅದು ಚರ್ಮವನ್ನೂ ಕಣ್ಣನ್ನೂ ಬಿಡದು. ಪುಡಿಯಿಂದ ಕಟ್ಟು ಬಿಡದಿದ್ದಾಗ ಅದು ನಿಂತ ನೀರಿನಲ್ಲೇ ಉಳಿಯುತ್ತದೆ. ಆಮೇಲೆ ಬಂದ ಪ್ಲಂಬರಿಗೆ ಯಾರೂ ಹೇಳುವುದಿಲ್ಲ. ತಿರುಗುವ ಕೇಬಲ್ಲನ್ನು ಹೊರಗೆಳೆದಾಗ ಅದು ಆ ನೀರನ್ನು ಸುತ್ತಲೂ ಎರಚುತ್ತದೆ. ಆ ದಿನ ನಾವು ಯಾರೂ ಅವರಿಗೆ ಪುಡಿಯ ವಿಷಯ ಹೇಳಿರಲಿಲ್ಲ. ಹೇಳಬೇಕು ಎಂದು ನಮಗೂ ಹೊಳೆದಿರಲಿಲ್ಲ. ಇದಲ್ಲದೆ ಇಲಿಜ್ವರದಂಥ ಸೋಂಕುಗಳಿಗೂ ಕೈಮೇಲಿನ ಸಣ್ಣ ಗಾಯ ಸಾಕು.

ಪೈಪಿನೊಳಗೆ ಯಾರೂ ಊಹಿಸದ ವಸ್ತುವೂ ಇರಬಹುದು. 1976ರ ಆಗಸ್ಟಿನಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಕೆನೋಶಾ ಎಂಬ ಊರಿನಲ್ಲಿ ಒಂದು ಮನೆ ಸ್ಫೋಟಗೊಂಡು ಇಬ್ಬರು ಸತ್ತರು. ಆ ಮನೆಗೆ ಗ್ಯಾಸಿನ ಸಂಪರ್ಕವೇ ಇರಲಿಲ್ಲ. ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ ತನಿಖೆಯಲ್ಲಿ ಕಾರಣ ಹೊರಬಂತು. ರಸ್ತೆ ಅಗೆಯದೆ ನೆಲದಡಿ ಕೊರೆದು ಪ್ಲಾಸ್ಟಿಕ್ ಗ್ಯಾಸ್ ಕೊಳವೆ ಹಾಕಿದ್ದರು. ಹೋಗುವ ದಾರಿಯಲ್ಲಿ ಅದು ಮನೆಯ ಮಣ್ಣಿನ ಚರಂಡಿ ಕೊಳವೆಯನ್ನು ತೂರಿಕೊಂಡು ಹೋಗಿತ್ತು. ಚರಂಡಿ ಕಟ್ಟಿಕೊಂಡಾಗ ಬಿಡಿಸಲು ಯಂತ್ರ ಬಂತು. ಕತ್ತರಿಸಿದ್ದು ಗ್ಯಾಸಿನ ಕೊಳವೆಯನ್ನು. ಅನಿಲ ಚರಂಡಿಯ ದಾರಿಯಲ್ಲೇ ಮನೆಯೊಳಗೆ ಬಂತು. ಯಂತ್ರ ಹಿಡಿದ ಕೈಗೆ ಬೇರಿಗೂ ಪ್ಲಾಸ್ಟಿಕ್ಕಿಗೂ ವ್ಯತ್ಯಾಸ ತಿಳಿಯುವ ದಾರಿ ಇರಲಿಲ್ಲ. ತಪ್ಪು ನಡೆದದ್ದು ಅದಕ್ಕೂ ಮೊದಲು, ನೆಲದಡಿ ಏನಿದೆ ಎಂದು ನೋಡದೆ ಕೊಳವೆ ತೂರಿಸಿದವರಿಂದ. ನಮ್ಮ ನಗರಗಳಲ್ಲೂ ಈಗ ಮನೆಮನೆಗೆ ಗ್ಯಾಸ್ ಕೊಳವೆ ಬರುತ್ತಿದೆ, ಇದೇ ರೀತಿ ನೆಲದಡಿ ಕೊರೆದು. ಕೆನೋಶಾದ ಕಥೆ ನಮಗೆ ದೂರದ್ದಲ್ಲ.

ಮನೆಯಿಂದ ಬೀದಿಗೆ

ಇಲ್ಲಿಯವರೆಗೆ ಹೇಳಿದ್ದು ಬಚ್ಚಲಿನ ಯಂತ್ರದ ಕಥೆ. ಬಚ್ಚಲಿನ ಪೈಪು ಹೋಗಿ ಸೇರುವುದು ಬೀದಿಯ ಮ್ಯಾನ್‌ಹೋಲಿಗೆ. ಅಲ್ಲಿ ಬಳಸುವುದು ಲಾರಿಯ ಮೇಲೆ ಕೂರಿಸಿದ ಜೆಟ್ಟಿಂಗ್ ಮಷೀನು. ಚದರ ಇಂಚಿಗೆ 2000 ಪೌಂಡ್ ಆಸುಪಾಸಿನ ಒತ್ತಡದಲ್ಲಿ ನೀರು ಚಿಮ್ಮಿಸಿ ಹೂಳು ಒಡೆಯುತ್ತದೆ. ಈ ನೀರು ಮೈಗೆ ತಗುಲಿದರೆ ಸೂಜಿಮೊನೆಯಷ್ಟೇ ಗಾಯ ಕಾಣುತ್ತದೆ, ಒಳಗೆ ಕೊಳೆನೀರು ಮಾಂಸಖಂಡದ ತನಕ ನುಗ್ಗಿರುತ್ತದೆ. ಸಣ್ಣ ಗಾಯವೆಂದು ಪಟ್ಟಿ ಕಟ್ಟಿಕೊಂಡು ಮನೆಗೆ ಹೋದವರು ಕೈ ಕಳೆದುಕೊಳ್ಳಬಹುದು. ಅಮೆರಿಕದಲ್ಲಿ ಬಚ್ಚಲಿನ ಯಂತ್ರದ ಚರಿತ್ರೆ ನಿರುದ್ಯೋಗದೊಡನೆ ಬೆಸೆದಿದ್ದರೆ, ನಮ್ಮ ಬೀದಿಯ ಯಂತ್ರದ ಚರಿತ್ರೆ ಜಾತಿಯೊಡನೆ ಬೆಸೆದಿದೆ.

1970ರ ದಶಕದಲ್ಲಿ ದೇವರಾಜ ಅರಸು ಸರ್ಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ರಾಜ್ಯದಲ್ಲಿ ನಿಷೇಧಿಸಿದರು. ದೇಶದ ಮಟ್ಟದಲ್ಲಿ ಕಾಯ್ದೆ ಬರಲು 1993ರ ತನಕ ಕಾಯಬೇಕಾಯಿತು. ಕೆಜಿಎಫ್‌ನಲ್ಲಿ ಹುಟ್ಟಿ ಬೆಳೆದ ಬೆಜವಾಡ ವಿಲ್ಸನ್ ಅವರ ಹೋರಾಟ ದೇಶಕ್ಕೆ ಹರಡಿದ್ದು ಆಮೇಲೆ. 2010ರಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದಾಗ, ನಿಷೇಧವಾಗಿ ಮುಗಿದುಹೋಯಿತು ಎಂದು ನಂಬಿದ್ದವರೆಲ್ಲ ಬೆಚ್ಚಿಬಿದ್ದರು. 2013ರ ಹೊಸ ಕಾಯ್ದೆ ಒಳಚರಂಡಿ ಮತ್ತು ಮಲದ ಗುಂಡಿಗಳ ಅಪಾಯಕರ ಶುಚಿಯನ್ನೂ ನಿಷೇಧದೊಳಗೆ ತಂದಿತು. 2014ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು 1993ರಿಂದ ಈಚೆಗೆ ಚರಂಡಿಯಲ್ಲಿ ಸತ್ತ ಪ್ರತಿಯೊಬ್ಬರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದಿತು. 2023ರ ಅಕ್ಟೋಬರಿನಲ್ಲಿ ಆ ಮೊತ್ತವನ್ನು 30 ಲಕ್ಷಕ್ಕೆ ಏರಿಸಿತು.

2013ರ ಕಾಯ್ದೆಯ ಮಾತುಗಳನ್ನು ಗಮನಿಸಿ ಓದಬೇಕು. ಅದು ಅಪಾಯಕರ ಶುಚಿ ಎನ್ನುವುದು ರಕ್ಷಣಾ ಸಾಧನ, ಶುಚಿಯ ಉಪಕರಣಗಳನ್ನು ಮಾಲೀಕರು ಕೊಡದೆ, ಸುರಕ್ಷತೆಯ ಕ್ರಮಗಳನ್ನು ಪಾಲಿಸದೆ ಕೈಯಿಂದ ಮಾಡಿಸುವ ಕೆಲಸವನ್ನು. ಎಂದರೆ ಯಂತ್ರ ಈಗ ಕಾನೂನಿನ ಸಾಕ್ಷಿಯೂ ಹೌದು. ಲಾರಿ ಬಂದು ನಿಂತಿದ್ದರೆ 'ಯಂತ್ರ ಬಳಸಿದ್ದೇವೆ' ಎಂದು ಕಡತದಲ್ಲಿ ಬರೆಯಬಹುದು. ಆದರೆ ಜೆಟ್ಟಿನ ನೀರು ಹೂಳನ್ನು ಸಡಿಲ ಮಾಡುತ್ತದೆ, ತಳದಲ್ಲಿ ಕೂತ ಕಲ್ಲು, ಮರಳು, ಬಟ್ಟೆಯ ಗಂಟುಗಳನ್ನು ಮೇಲಕ್ಕೆ ತರುವುದಿಲ್ಲ. ಅದನ್ನು ಹೀರುವ ಅಥವಾ ಎತ್ತುವ ಇನ್ನೊಂದು ಯಂತ್ರ ಜೊತೆಗೆ ಬರದಿದ್ದರೆ ಬಕೆಟ್ಟು ಹಿಡಿದು ಒಬ್ಬರು ಇಳಿಯಬೇಕಾಗುತ್ತದೆ.

ಅವರು ಇಳಿಯುವುದು ಅತಿ ಕೆಟ್ಟ ಹೊತ್ತಿನಲ್ಲಿ. ಕೊಳೆತ ಹೂಳಿನಲ್ಲಿ ಹೈಡ್ರೋಜನ್ ಸಲ್ಫೈಡ್ ಸೆರೆಯಾಗಿರುತ್ತದೆ. ಸುಮ್ಮನೆ ಬಿದ್ದಿದ್ದಾಗ ನಿಧಾನವಾಗಿ ಹೊರಬರುವ ಆ ಅನಿಲ, ಕಲಕಿದಾಗ ಒಮ್ಮೆಲೇ ಮೇಲೇಳುತ್ತದೆ. ಕೊಳೆತ ಮೊಟ್ಟೆಯ ಅದರ ವಾಸನೆ ಕಡಿಮೆ ಪ್ರಮಾಣದಲ್ಲಿ ಗೊತ್ತಾಗುತ್ತದೆ. ಹತ್ತು ಲಕ್ಷ ಪಾಲು ಗಾಳಿಯಲ್ಲಿ ನೂರು ಪಾಲಿನ ಆಸುಪಾಸಿಗೆ ಬಂದಾಗ ಮೂಗೇ ಸೋಲುತ್ತದೆ. ವಾಸನೆ ಹೋಯಿತು, ಇನ್ನು ಇಳಿಯಬಹುದು ಎಂದುಕೊಳ್ಳುವ ಗಳಿಗೆಯೇ ಕೊನೆಯದಾಗಬಹುದು. ಮೊದಲು ಇಳಿದವರು ಕುಸಿದರೆ ಎತ್ತಲು ಎರಡನೆಯವರು ಧುಮುಕುತ್ತಾರೆ, ಅವರ ಹಿಂದೆ ಮೂರನೆಯವರು. ಪತ್ರಿಕೆಗಳಲ್ಲಿ ಒಂದೇ ಗುಂಡಿಯಲ್ಲಿ ಇಬ್ಬರು, ಮೂವರು ಸತ್ತ ಸುದ್ದಿ ಬರುವುದು ಹೀಗೆ.

ಅರ್ಧ ಯಂತ್ರ ಇಲ್ಲದ ಯಂತ್ರಕ್ಕಿಂತ ಕೆಟ್ಟದ್ದು ಎಂದು ನನಗೆ ಈಗ ಅನ್ನಿಸುತ್ತದೆ. ಅದು ಹಳೆಯ ಅಪಾಯಕ್ಕೆ ಹೊಸದನ್ನು ಕೂಡಿಸುತ್ತದೆ, ಜೊತೆಗೆ ಅಪಾಯ ಮುಗಿಯಿತು ಎಂಬ ಭರವಸೆಯನ್ನು ಮೇಲೆ ನಿಂತವರಿಗೆ ಕೊಡುತ್ತದೆ. ಚರ್ಮದ ಗ್ಲೌಸ್, ಗಾಳಿಯ ಪೆಡಲ್, ಡಾಲ್ಜಿಯಲ್ಲರ ಸ್ವಿಚ್ಚು, ಅನಿಲ ಅಳೆಯುವ ಮೀಟರು, ಇವು ಯಾವುವೂ ಇಂದು ದುರ್ಲಭವಲ್ಲ. ಬೆಲೆಯೂ ಯಂತ್ರದ ಬೆಲೆಯ ಸಣ್ಣ ಪಾಲು. ಯಂತ್ರ ಕೊಳ್ಳುವ ಟೆಂಡರಿನಲ್ಲಿ ಅಥವಾ ಬಾಡಿಗೆಯ ಮಾತಿನಲ್ಲಿ ಅವುಗಳ ಹೆಸರು ಬರುತ್ತದೆಯೇ ಎಂಬುದು ಅದನ್ನು ಹಿಡಿಯುವ ಕೈ ಯಾರದು ಎಂಬುದರ ಮೇಲೆ ನಿಂತಿದೆ.

ಮೂರು ತಿಂಗಳಾದ ಮೇಲೆ ಆ ಪ್ಲಂಬರನ್ನು ಮತ್ತೆ ಕಂಡೆ. ಒಂದು ಬೆರಳು ಇನ್ನೂ ಪೂರ್ತಿ ಮಡಚುತ್ತಿರಲಿಲ್ಲ. ಕೆಲಸ ಬಿಟ್ಟಿರಲಿಲ್ಲ, ಯಂತ್ರವೂ ಅದೇ. ಬಟ್ಟೆಯ ಗ್ಲೌಸ್ ಏಕೆ ಹಾಕಿದ್ದಿರಿ ಎಂದು ಕೇಳಿದೆ.

"ದಪ್ಪಂದು ಹಾಕ್ಕೊಂಡ್ರೆ ಕೇಬಲ್ ಏನ್ ಹೇಳ್ತಿದೆ ಅಂತ ಕೈಗೆ ಗೊತ್ತಾಗಲ್ಲ ಮೇಡಂ. ಇಷ್ಟಕ್ಕೂ ಬಟ್ಟೇದು ಬೇಡ ಅಂತ ನಂಗೆ ಯಾರೂ ಹೇಳಿರ್ಲಿಲ್ಲ."

ಯಂತ್ರದ ಜೊತೆ ಬಂದ ಪುಸ್ತಕ ಚೀಲದಲ್ಲೇ ಇತ್ತು, ಪ್ಲಾಸ್ಟಿಕ್ ಹೊದಿಕೆ ಬಿಚ್ಚದೆ. ಪೂರ್ತಿ ಇಂಗ್ಲಿಷಿನಲ್ಲಿತ್ತು. ಅವರ ಅನುಮತಿ ಪಡೆದು ಮನೆಗೆ ತಂದು, ಎಚ್ಚರಿಕೆಯ ಪುಟಗಳನ್ನು ಕನ್ನಡದಲ್ಲಿ ಒಂದು ಹಾಳೆಗೆ ಇಳಿಸಿದೆ. ಕೇಬಲ್ಲಿನಲ್ಲಿ ಸೇರುವ ಬಲಕ್ಕೆ ನಾನು 'ತಿರುಚುಬಲ' ಎಂದು ಬರೆದಿದ್ದೆ. ಓದಿ ಹೇಳಿದಾಗ ಅವರು ತಲೆಯಾಡಿಸಿದರು. "ಅದು ಯಾರಿಗೆ ಅರ್ಥ ಆಗತ್ತೆ ಮೇಡಂ? ಹುರಿ ಏರೋದು ಅಂತ ಬರೀರಿ." ಈ ಬರಹದಲ್ಲಿ ಆ ಪದ ಬಂದದ್ದು ಅವರಿಂದ. ತಿದ್ದಿ ಕೊಟ್ಟ ಹಾಳೆಯನ್ನು ಹುಡುಗ ಜೋರಾಗಿ ಓದಿದ. ಮುಗಿದ ಮೇಲೆ ಅವರು ಕೇಳಿದ್ದು ಒಂದೇ: "ಈ ಚರ್ಮದ ಗ್ಲೌಸ್ ತಂದುಕೊಡಬೇಕಾದೋರು ಯಾರು ಅಂತ ಇದ್ರಲ್ಲಿ ಬರೆದಿದ್ಯಾ?"

ಪುಸ್ತಕದಲ್ಲಿ ಅದು ಇರಲಿಲ್ಲ.